ನೀವು ಕಾಯುತ್ತಿದ್ದ ತಿರುವುಗಳು

ರೀ,

ನಾನು ಅಕ್ಕನ ಮನೆಯಲ್ಲಿ ಕ್ಷೇಮ. ಅವಳು ಫೋನ್ ಮಾಡುವ ಮೊದಲೇ ನೀವು ಪಕ್ಷಿಧಾಮದ ಕಾವಲುಗಾರರಿಂದ ನನ್ನನ್ನು ಹುಡುಕಿಸಿದಿರಂತೆ. ಅವರಿಗೆ ತೊಂದರೆಯಾದದ್ದಕ್ಕೆ ಬೇಸರವಿದೆ.

ನಿನ್ನೆ ಪಕ್ಷಿಧಾಮದ ಗೇಟಿನ ಬೋರ್ಡಿನಲ್ಲಿ 'ಸುಲಭದ ದಾರಿ' ಎಂದಿತ್ತು. ಅದು ಸುಳ್ಳಲ್ಲ. ಹೊಲಗಳು ಮುಗಿಯುವಲ್ಲಿ ನೀವು ಬಂಡೆಯ ಮೇಲೆ ಕೂತು ಕಾಯುತ್ತಿದ್ದಿರಿ. ನಾನು ಏದುಸಿರು ಬಿಡುತ್ತಾ ತಲುಪಿದ ಕೂಡಲೇ "ಬಂದ್ಯಾ? ಸರಿ, ನಡಿ" ಎಂದು ಎದ್ದಿರಿ. ಕಾಡಿನ ತಿರುವಿನಲ್ಲೂ ಅದೇ ಆಯಿತು. "ಎಷ್ಟು ಸಲ ಕಾಯೋದು? ಎಂಥ ಆಮೇನ ಕಟ್ಕೊಂಡೆನಪ್ಪ!" ಎಂದು ನಕ್ಕಿರಿ. ಮದುವೆಯಾದಾಗಿನಿಂದ ನೀವು ಕಾದದ್ದು ನಿಜ. ಕಾಯುವಾಗ ನಿಮಗೆ ದಣಿವಾರುತ್ತಿತ್ತು. ನಾನು ಬಂದೊಡನೆ ನೀವು ಹೊರಡುತ್ತಿದ್ದಿರಿ, ಹಾಗಾಗಿ ನಾನು ಕೂತದ್ದೇ ಇಲ್ಲ.

ಜೌಗಿನ ಮೇಲಿನ ಹಲಗೆ ದಾರಿಯಲ್ಲಿ ನೀವು ಕಣ್ಮರೆಯಾದ ಮೇಲೆ ಕಾಲು ಇಳಿಬಿಟ್ಟು ಕೂತುಬಿಟ್ಟೆ. ನೀರಿನಲ್ಲಿ ಒಂದು ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. ಅದಕ್ಕೆ ಯಾರೂ "ನಡಿ" ಎನ್ನಲಿಲ್ಲ. ಎದ್ದಾಗ ಕಾಲುಗಳು ತಾವಾಗಿ ಗೇಟಿನ ಕಡೆ ತಿರುಗಿದವು. ಹೊರಗೆ ಬಸ್ಸು ನಿಂತಿತ್ತು.

ಇಷ್ಟು ಸಣ್ಣದಕ್ಕೆ ಯಾರಾದರೂ ಮನೆ ಬಿಡುತ್ತಾರೆಯೇ ಎಂದು ಇವತ್ತೆಲ್ಲ ನನ್ನನ್ನೇ ಕೇಳಿಕೊಂಡೆ. ಸಣ್ಣದೆಂದು ಒಪ್ಪಿದರೂ ಚಪ್ಪಲಿ ಮೆಟ್ಟಿ ವಾಪಸ್ ಹೊರಡಲು ಮನಸ್ಸಾಗಲಿಲ್ಲ.

ಓದುವ ಕನ್ನಡಕ, ಮಂಡಿಗೆ ಹಚ್ಚುವ ಮುಲಾಮು ಮತ್ತು ನಾಲ್ಕು ಜೊತೆ ಬಟ್ಟೆ ಕಳಿಸಿ. ನೀವೇ ತರುವುದು ಬೇಡ. ಫ್ರಿಜ್ಜಿನಲ್ಲಿರುವ ಹಾಲು ಕಾಯಿಸಿಡಿ, ಒಡೆದೀತು.

ನಾನು ಬರುತ್ತೇನೆಂದು ಕಾಯಬೇಡಿ. ಕಾದು ಕಾದು ನೀವು ಸಾಕಷ್ಟು ದಣಿವಾರಿಸಿಕೊಂಡಿದ್ದೀರಿ. ಈಗ ಕೂತಿರುವುದು ನಾನು.

ಇಂತಿ,
ನಿಮ್ಮ ಆಮೆ