ಬಿಸಿಲಿಗಿಟ್ಟ ವೈನು

ಲಚ್ಯಾಣ, ೮ ಮಾರ್ಚ್ ೧೯೭೬

ಬೆಳಿಗ್ಗೆ ಮತ್ತೆ ನಾನೇ ಚಹಾ ಮಾಡಿದೆ. ಹೊನ್ನವ್ವ ಅರ್ಧ ಕುಡಿದು ಗೋಡೆ ಕಡೆ ಹೊರಳಿದಳು. ಕೂಸು ಹೋದಾಗಿನಿಂದ ಹೀಗೇ... ಒಲೆಯ ಮುಂದೆ ಬಂದಿಲ್ಲ, ನನ್ನ ಜೊತೆ ಮಾತಿಲ್ಲ. ನನಗೂ ಹೆಂಡತಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ.

ಅಕಾಲದ ಮಳೆಗೆ ದ್ರಾಕ್ಷಿ ಎಲ್ಲ ಒಡೆದಿದೆ. ಸೋಲಾಪುರದ ದಲಾಲ ಮೂಸಿಯೂ ನೋಡಲಿಲ್ಲ.

ಸಂಜೆ — ಸ್ಟೇಷನ್ನಿನಲ್ಲಿ ರೈಲಿನ ಗಾರ್ಡ್ ಫರ್ನಾಂಡಿಸ್ ಸಾಹೇಬರು ಸಿಕ್ಕರು. ಗೋವಾದವರು. "ಚೆಲ್ಲಬ್ಯಾಡ್ರಿ ಪರಪ್ಪ, ವೈನ್ ಹಾಕ್ರಿ," ಎಂದು ಮಾಡುವ ರೀತಿ ಹೇಳಿಕೊಟ್ಟರು. ವರ್ಷಕ್ಕೊಂದು ಭರಣಿ ಕೂಡಿಡಬೇಕಂತೆ. ಹಳತಾದಷ್ಟೂ ರುಚಿಯಂತೆ. ಹೊನ್ನವ್ವನ ನಿಂಬೆ ಉಪ್ಪಿನಕಾಯಿಯೂ ಹಾಗೇ ಅಲ್ಲವೆ? ಮದುವೆ ವರ್ಷದ್ದು ಕಪ್ಪಾಗಿ ಇನ್ನೂ ಇದೆ. ಈ ವರ್ಷ ಮಾತ್ರ ಹಾಕಲಿಲ್ಲ. ಭರಣಿ ಖಾಲಿ.

೧೦ ಮಾರ್ಚ್

ಆ ಖಾಲಿ ಭರಣಿಗೇ ತುಂಬಿದೆ. ಹಿಚುಕಿದ ದ್ರಾಕ್ಷಿ, ಸಕ್ಕರೆ, ಬಾಯಿಗೆ ಬಟ್ಟೆ. ತಂಪಾಗಿರಲಿ ಎಂದು ಕಾಳಿನ ಕೋಣೆಯ ಕತ್ತಲಲ್ಲಿ ಜೋಳದ ಚೀಲಗಳ ಹಿಂದೆ ಇಟ್ಟೆ. ಲಿಂಗ ಕಟ್ಟಿದವರ ಮನೆಯಲ್ಲಿ ವೈನು. ಅಪ್ಪ ಇದ್ದಿದ್ದರೆ ಭರಣಿ ಜೊತೆ ನನ್ನನ್ನೂ ಹೊರಗೆ ಹಾಕುತ್ತಿದ್ದ.

ಹೊನ್ನವ್ವನಿಗೆ ಹೇಳಿಲ್ಲ. ಬೈದಾಳು... ಬೈದರೂ ಚೆನ್ನಾಗಿತ್ತು.

೧೫ ಮಾರ್ಚ್

ಭರಣಿ ತುಂಬ ನೊರೆ. ಕಿವಿ ಇಟ್ಟರೆ ಒಳಗೆ ಯಾರೋ ಪಿಸುಗುಟ್ಟಿದ ಹಾಗೆ. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಮನೆಯಲ್ಲಿ ಬೇರೆ ಸದ್ದಿಲ್ಲ.

ನಾಳೆ ತೊಗರಿ ಹಾಕಿಕೊಂಡು ಸಿಂದಗಿ ಪೇಟೆಗೆ. ಹೊನ್ನವ್ವನ ಜೊತೆ ನೆರೆಮನೆಯ ಸಾತವ್ವ ಇರುತ್ತಾಳೆ.

೧೮ ಮಾರ್ಚ್, ಮಧ್ಯಾಹ್ನ

ಸಿಂದಗಿಯಿಂದ ಬಂದೆ. ಕೋಣೆಯಲ್ಲಿ ಭರಣಿ ಇಲ್ಲ. ಹಾಸಿಗೆಯಲ್ಲಿ ಹೊನ್ನವ್ವನೂ ಇಲ್ಲ. ಕೂಗುತ್ತ ಮನೆಯೆಲ್ಲ ಹುಡುಕಿದೆ. ಮಾಳಿಗೆ ಹತ್ತಿದೆ — ಸುಡುಬಿಸಿಲಲ್ಲಿ ಭರಣಿ. ಪಕ್ಕದಲ್ಲಿ ಸೆರಗು ಹೊದ್ದು ಆಕೆ.

"ಉಪ್ಪಿನಕಾಯಿ ಯಾರರ ಹಿಂಗ ಹಾಕ್ತಾರೇನ್ರಿ? ಒಂದು ಹರಳು ಉಪ್ಪಿಲ್ಲ, ಬರೇ ಸಕ್ಕರಿ. ಬುರುಗು ಬಂದು ಕೆಟ್ಟು ಹೊಂಟಿತ್ತು. ಹುಳಿ ವಾಸನಿ ನಾ ಮಲಗಿದಲ್ಲಿಗೇ ಬರಾಕತ್ತಿತ್ತು. ಉಪ್ಪು, ಖಾರ ಹಾಕಿ, ಸಾತವ್ವನ್ನ ಕರಕೊಂಡು ಮ್ಯಾಲ ತಂದೇನಿ. ನಾ ಒಂದೀಟು ಮಲಗಿದ್ರ ಹಿಂಗ ಮಾಡೋದೇನು?"

ಇಷ್ಟೊಂದು ಮಾತು. ಎಲ್ಲ ಒಮ್ಮೆಗೇ.

"ತಪ್ಪಾತು. ನನಗೇನು ಗೊತ್ತಾಗತೈತಿ," ಅಂದೆ. ವೈನಿನ ಮಾತು ನುಂಗಿಕೊಂಡೆ. ಸಂತೋಷಕ್ಕೆ ಕಣ್ಣು ತುಂಬಿತು.

"ಬಿಸಲಿಗಿ ಕಣ್ಣಾಗ ನೀರು ಬರಾಕತ್ತಾವ. ಕೆಳಗ ನಡ್ರಿ, ರೊಟ್ಟಿ ಬಡೀತೇನಿ," ಅಂದಳು.

೨೨ ಮಾರ್ಚ್

ವೈನ್ ಏನಾಯಿತೆಂದು ಗಾರ್ಡ್ ಸಾಹೇಬರು ಕೇಳಿದರು.

"ಮೊದಲನೇ ಭರಣಿ ಇಟ್ಟೇನ್ರಿ. ಯಾರಿಗೂ ಕೊಡೂದಿಲ್ಲ," ಅಂದೆ.

೬ ಮಾರ್ಚ್ ೧೯೭೭

ಈ ಸಲ ಮಳೆ ಬರಲಿಲ್ಲ. ಒಳ್ಳೆಯ ಹಣ್ಣು. ಒಂದು ಬುಟ್ಟಿ ಮನೆಗೆಂದೇ ತೆಗೆದಿಟ್ಟೆ. ಹೋದ ವರ್ಷದ ಭರಣಿ ಕಪ್ಪಾಗಿದೆ. ಒಂದು ಹನಿ ನಾಲಿಗೆಗೆ ಇಟ್ಟರೆ ಕಿವಿಯಲ್ಲಿ ಹೊಗೆ. ಆದರೂ ಅದರಷ್ಟು ಪ್ರೀತಿಯ ವಸ್ತು ಈ ಮನೆಯಲ್ಲಿ ನನಗೆ ಇನ್ನೊಂದಿಲ್ಲ.

ಹೊನ್ನವ್ವ ಹೊಸ ಭರಣಿ ತೊಳೆದು ಒಣಗಿಸಿದ್ದಾಳೆ. ಮಾಳಿಗೆ ಮೇಲಿಂದ ಕೂಗುತ್ತಿದ್ದಾಳೆ — "ಬರ್ರಿ ಲಗೂನ. ಸಕ್ಕರಿ ಡಬ್ಬಿ ಮುಟ್ಟೀರಿ ಮತ್ತ. ಉಪ್ಪು ತಗೊಂಡು ಬರ್ರಿ."

ಈ ವರ್ಷವೂ ವೈನು ಆಗುವುದಿಲ್ಲ. ಉಪ್ಪು ತೆಗೆದುಕೊಂಡು ಹೊ—