ಬಾಯಿನೀರಿನ ಇಸ್ತ್ರಿ

ತಮ್ಮಾ, ಓದಿ ನಗಬೇಡ. ಇಲ್ಲಿ ನಮ್ಮ ಲಾಂಡ್ರಿಗೆ ಹೊಸ ರೋಗದ ಪರೀಕ್ಷೆಯವರು ಬಂದು ಎಲ್ಲರ ಮೂಗಿಗೂ ಕಡ್ಡಿ ತೂರಿಸಿದರು. ಬಟ್ಟೆ ಒಗೆಯುವ ಹೆಂಗಸು ಕೆಮ್ಮುತ್ತಾಳೆಂದು ನಾನೇ ರೇಗಾಡಿ ಅವಳನ್ನು ಅಂಗಳಕ್ಕೆ ಅಟ್ಟಿದ್ದೆ. ಅವಳಿಗೆ ಏನೂ ಇಲ್ಲ. ರೋಗ ಇರುವುದು ನನಗೆ!

"ನನ್ನ ಕೆಮ್ಮು ಸೋಪಿನ ಪುಡೀದು ಅಣ್ಣಾ. ನೀವು ಆಸ್ಪತ್ರೆ ದಿಂಬಿನ ಕವರಿಗೆಲ್ಲ ಬಾಯಲ್ಲಿ ನೀರು ತುಂಬ್ಕೊಂಡು ಉಗುಳಿ ಉಗುಳಿ ಇಸ್ತ್ರಿ ಹಾಕಿದ್ರಲ್ಲ, ಅದಕ್ಕೇನಂತೀರಿ?" ಎಂದಳು.

ಈಗ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಊಟವನ್ನು ಅವಳೇ ಬಾಗಿಲಲ್ಲಿಟ್ಟು ಹೋಗುತ್ತಾಳೆ. ಅವಳು ಮರೆಯಾಗುವ ತನಕ ಬಾಗಿಲು ತೆಗೆಯಲು ನನಗೆ ಮುಖವಿಲ್ಲ. ಜ್ವರ ಇಳಿದಿದೆ, ಓಡಿ ಬರಬೇಡ. ನಿನಗೂ ತಲೆಗೆ ಮೊಟಕಿ ಹಾಗೇ ಬಾಯಿಂದ ನೀರು ಚಿಮುಕಿಸಲು ಕಲಿಸಿದವನು ನಾನೇ. ಇವತ್ತೇ ಬಿಟ್ಟುಬಿಡು, ಮಾರಾಯ.

ಈ ಸ್ಟಾಂಪನ್ನೂ ಬಟ್ಟಲ ನೀರಲ್ಲೇ ಅಂಟಿಸಿದ್ದೇನೆ, ನಾಲಿಗೆಯಲ್ಲಲ್ಲ.

ನಿನ್ನ ಅಣ್ಣ