ಜುಮ್ಮೆನ್ನದ ಕಾಲು

ಯರಗುಪ್ಪಿ, ತಾ. ಕುಂದಗೋಳ
ಮಂಗಳವಾರ, 3 ಡಿಸೆಂಬರ್ 2024

ಪ್ರೀತಿಯ ತಮ್ಮ ಹೇಮಂತಾ,

ಹೇಗಿದ್ದೀ? ಅಲ್ಲಿಯ ಊಟ ಮೈಗೆ ಹಿಡಿಯಿತೇ? ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಮೂರು ತಿಂಗಳ ಮೌನಕ್ಕೆಂದು ಫೋನು ಕೂಡ ಕೊಡದ ಧ್ಯಾನಕೇಂದ್ರಕ್ಕೆ ಹೋಗಿ ಕೂತಿದ್ದೀ. ನಾನು ಈ ವಯಸ್ಸಿನಲ್ಲಿ ಮತ್ತೆ ಲಕೋಟೆ, ಅಂಟು ಹುಡುಕಿಕೊಂಡು ಅಂಚೆಗೆ ಅಡ್ಡಾಡುವಂತಾಗಿದೆ. ಪತ್ರಕ್ಕಾದರೂ ಅವರು ಬೇಡ ಎನ್ನಲಿಲ್ಲ, ಅದೇ ಪುಣ್ಯ. ಇಲ್ಲಿ ನಾವು ಆರಾಮ. ಹಿಂಗಾರಿ ಕಡಲೆ ಚೆನ್ನಾಗಿ ಎದ್ದಿದೆ. ನಿನ್ನ ಭಾವ ದಿನಕರ ದಿನಾ ಸಂಜೆ ಅದನ್ನು ನೋಡಿ ಬಂದು ತಾವೇ ಬೆಳೆದ ಹಾಗೆ ಮಾತಾಡುತ್ತಾರೆ.

ದಸರೆಗೆ ಬಂದಾಗ ನೀನು ಕಲಿಸಿ ಹೋದ ಧ್ಯಾನವನ್ನು ಬಿಟ್ಟಿಲ್ಲ. ಬೆಳಿಗ್ಗೆ ಆರಕ್ಕೆ, ಕಾಲೇಜಿನ ಗಡಿಬಿಡಿಗೆ ಮೊದಲು, ನಡುಮನೆಯಲ್ಲಿ ಕೂಡುತ್ತೇನೆ. ನಲವತ್ತು ನಿಮಿಷ ಅಲುಗಾಡಬಾರದು ಎಂದು ನೀನು ಹೇಳಿದ್ದೆ. ಮೊದಲ ವಾರ ಹತ್ತು ನಿಮಿಷಕ್ಕೇ ಬಲಮಂಡಿ ಸೆಳೆಯಲು ಶುರುವಾಗುತ್ತಿತ್ತು. ಮೂಗಿನ ತುದಿಯಲ್ಲಿ ತುರಿಕೆ, ಕತ್ತಿನಲ್ಲಿ ಬೆವರು. ಈ ನಲವತ್ತೆಂಟರ ವಯಸ್ಸು ಚಳಿಯಲ್ಲೂ ಒಮ್ಮೆಲೇ ಒಲೆಯ ಮುಂದೆ ಕೂಡಿಸಿದ ಹಾಗೆ ಮೈ ಕಾಯಿಸುತ್ತದೆ, ಅದು ನಿನಗೆ ತಿಳಿಯದು. ಹಟ ಹಿಡಿದೆ. ಅವ್ವ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕೂಡುವ ಜಾಗ ಎತ್ತರ ಮಾಡಿಕೊಂಡರೆ ಮಂಡಿ ತಾನಾಗಿ ನೆಲಕ್ಕೆ ಇಳಿಯುತ್ತದೆ ಎಂದು ಎಂಟು ದಿನದ ಮೇಲೆ ಗೊತ್ತಾಯಿತು. ತುರಿಕೆಯನ್ನು ಸುಮ್ಮನೆ ನೋಡುತ್ತಿದ್ದರೆ ಏರುತ್ತದೆ, ಇನ್ನು ತಡೆಯಲಾರೆ ಅನ್ನಿಸಿದ ಮೇಲೂ ಸ್ವಲ್ಪ ಏರುತ್ತದೆ, ಆಮೇಲೆ ಹೇಳದೆ ಕೇಳದೆ ಹೋಗಿಬಿಡುತ್ತದೆ. ತುರಿಕೆಗೂ ಕೈ ಏಳುವುದಕ್ಕೂ ನಡುವೆ ಒಂದು ಬಿಡುವಿದೆ ತಮ್ಮಾ, ಪದ್ಯದ ಎರಡು ಸಾಲಿನ ನಡುವೆ ಇರುವಂಥದ್ದು. ಇಷ್ಟು ವರ್ಷ ಪದ್ಯ ಕಲಿಸಿದವಳಿಗೆ ಅದು ಈಗ ಕಂಡಿತು. ಇವತ್ತಿಗೆ ಮೂವತ್ತು ನಿಮಿಷ ಮುಟ್ಟಿದ್ದೇನೆ. ನಲವತ್ತು ಮುಟ್ಟಿಯೇ ತೀರುತ್ತೇನೆ.

ಹೋದ ವಾರ ಹೀಗೇ ಕಾಲು ಜೋಮು ಹಿಡಿದು ಹಲ್ಲು ಕಚ್ಚಿ ಕೂತಿದ್ದೆ. ನಮ್ಮ ಹೊಲದಲ್ಲಿ ಕಳೆ ತೆಗೆಯುವ ಸಾವಂತ್ರೆವ್ವ ಕುರ್ಪಿ ಒಯ್ಯಲು ಬಂದವಳು ಬಾಗಿಲಲ್ಲೇ ನಿಂತು ನೋಡಿದಳು. “ಏನ್ರಿ ಅಕ್ಕಾರ, ಹಿಂಗ ಮಾರಿ ಕಿವಿಚ್ಕೊಂಡು ಕುಂತ್ರ ದೇವ್ರು ಅಂಜಿ ಓಡಿ ಹೋಗ್ತಾನ್ರಿ” ಅಂದಳು. ನಗು ಬಂತು, ಧ್ಯಾನ ಅಲ್ಲಿಗೆ ಮುಗಿಯಿತು. ಏಳಲು ಹೋದರೆ ಕಾಲೇ ಇಲ್ಲ. ಅವಳೇ ಎದುರಿಗೆ ಕೂತು ಪಾದ ತಿಕ್ಕಿದಳು. ಇಡೀ ದಿನ ಕುಕ್ಕರಗಾಲಲ್ಲಿ ಕೂತು ಸಾಲು ಮುಗಿಸುವ ಹೆಂಗಸು. ನಿನಗೆ ಕಾಲು ಜುಮ್ಮೆನ್ನುವುದಿಲ್ಲವೇ ಎಂದು ಕೇಳಿದೆ. ದಿನಾ ಅನ್ನುತ್ತದಂತೆ. ಆಗ ಎದ್ದು ನಾಲ್ಕು ಹೆಜ್ಜೆ ನಡೆದು ಮತ್ತೆ ಕೂಡುತ್ತಾಳಂತೆ. ಆಮೇಲೆ ಅಂದಳು: “ಜುಮ್ಮ್ ಅಂದ್ರ ಚೊಲೋರಿ. ಕಾಲು ಇನ್ನಾ ನಮ್ಮನ್ನ ಮಾತಾಡ್ಸಾಕತ್ತೈತಿ. ಸುಮ್ಮನಾದ್ರ ಅಂಜಬೇಕು.”

ಆ ಸಂಜೆಯೇ ನಿನ್ನ ಪತ್ರ ಬಂತು. ನಾಲ್ಕು ಸಲ ಓದಿದೆ. “ಅಕ್ಕಾ, ನೋವನ್ನ ಗೆದ್ದೆ. ಎಡಪಾದ ಐತೋ ಇಲ್ಲೋ ಗೊತ್ತಾಗೂದಿಲ್ಲ, ಎದ್ದ ಮ್ಯಾಲೂ ಇಲ್ಲ” ಎಂದು ಬರೆದಿದ್ದೀ. ಚಪ್ಪಲಿ ಕಳಚಿಬಿದ್ದದ್ದು ತಿಳಿಯದೆ ಊಟದ ಮನೆಯವರೆಗೆ ನಡೆದುಹೋದೆ ಎಂದು ಸಂತೋಷದಿಂದ ಬರೆದಿದ್ದೀ.

ನನಗೆ ಅವ್ವ ಕಣ್ಣ ಮುಂದೆ ಬಂದಳು. ಚಳಿಗಾಲದಲ್ಲಿ ಶೇಗಡಿಯ ಕೆಂಡದ ಪಕ್ಕ ಜಪಕ್ಕೆ ಕೂಡುತ್ತಿದ್ದ ನಮ್ಮ ತುಳಸಾಬಾಯಿ. ಒಂದು ದಿನ ಪಾದ ಶೇಗಡಿಗೆ ತಾಗಿ ಸುಡುತ್ತಿದ್ದರೂ ಕೈಯ ಮಣಿ ನಿಲ್ಲಲಿಲ್ಲ. ವಾಸನೆ ಬಂದು ನಾನು ಅಡಿಗೆಮನೆಯಿಂದ ಓಡಿದೆ. ಅದನ್ನು ನಾವು ಏಕಾಗ್ರತೆ ಎಂದೆವು. ಬಂದವರಿಗೆಲ್ಲ ಹೇಳಿದೆವು, ನೀನಂತೂ ನನ್ನ ಸಮೀಕ್ಷಾಳ ಹೆಸರಿಡುವ ದಿನ ಊಟದ ಪಂಕ್ತಿಯಲ್ಲಿ ನಿಂತು ಹೇಳಿದೆ, ಕಾಕಾ ಎದ್ದು ಬಂದು ಅವ್ವನ ಕಾಲಿಗೆ ನಮಸ್ಕಾರ ಮಾಡಿದರು. ಅವ್ವನಿಗೂ ಅದು ಹಿತವಾಗಿತ್ತು. ಗಾಯ ತೋರಿಸಲು ದವಾಖಾನೆಗೆ ಹೋಗಲೇ ಇಲ್ಲ. ಕೊನೆಗೆ ಅದು ಕೊಳೆತು ಎರಡು ಬೆರಳು ತೆಗೆದ ಮೇಲೆ ಡಾಕ್ಟರು ಹೇಳಿದ್ದನ್ನು ನೀನೂ ಕೇಳಿದ್ದೆ: ಸಕ್ಕರೆ ಕಾಯಿಲೆಯಿಂದ ಆ ಪಾದದ ನರಗಳು ಎಷ್ಟೋ ವರ್ಷದ ಹಿಂದೆಯೇ ಸತ್ತಿದ್ದವು. ಮನೆಗೆ ಬಂದ ಮೇಲೆ ಅದನ್ನು ಮಾತ್ರ ನಾವು ಯಾರಿಗೂ ಹೇಳಲಿಲ್ಲ. ಶೇಗಡಿಯ ಕಥೆಯೇ ಚಂದವಿತ್ತು.

ನಿನ್ನ ಸಾಧನೆಯನ್ನು ಹಗುರಾಗಿ ಕಾಣುತ್ತಿಲ್ಲ, ಸಿಟ್ಟಾಗಬೇಡ. ನನ್ನ ಮಂಡಿ ಎದ್ದ ಎರಡು ನಿಮಿಷಕ್ಕೆ ಸರಿಹೋಗುತ್ತದೆ. ಅಂಥ ನೋವಿನ ಜೊತೆ ನಾನು ಕೂಡುತ್ತೇನೆ. ತಿರುಗಿ ಬಾರದ ಪಾದದ ಜೊತೆ ನಿನ್ನನ್ನು ಕೂಡಗೊಡುವುದಿಲ್ಲ. ಕಾಗದ ಮುಟ್ಟಿದ ಕೂಡಲೇ ಕಣ್ಣು ಮುಚ್ಚಿಕೊಂಡು ಯಾರಿಂದಾದರೂ ಬೆರಳುಗಳಿಗೆ ಹತ್ತಿ ಮುಟ್ಟಿಸಿಕೋ. ತಿಳಿಯದಿದ್ದರೆ ಗುರುಗಳಿಗೆ ಚೀಟಿ ಬರೆದುಕೊಡು. ಅಂಗಾಲನ್ನು ದಿನಾ ಕನ್ನಡಿ ಹಿಡಿದು ನೋಡಿಕೋ. ಧ್ಯಾನ ಬಿಡು ಎನ್ನುವುದಿಲ್ಲ, ಕುರ್ಚಿಯ ಮೇಲೆ ಕೂಡು.

ಭಾವನ ಆಶೀರ್ವಾದ, ಸಮೀಕ್ಷಾ ತನ್ನ ಮಾಮಾನಿಗೆ ಹೇಳಿದ ನಮಸ್ಕಾರ, ಎರಡೂ ಇದರಲ್ಲಿವೆ. ನಿನ್ನ ಮೈಯೂ ಮನಸ್ಸೂ ಒಂದನ್ನೊಂದು ಬಿಡದೆ ಚೆನ್ನಾಗಿರಲಿ.

ನಿನ್ನ ಅಕ್ಕ,
ವೃಂದಾ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ಹತ್ತಿ ಮುಟ್ಟಿಸಿಕೊಳ್ಳುವುದಿಲ್ಲ, ಗೊತ್ತು. ಅವ್ವನ ಮಗ ನೀನು. ಸೋಮವಾರ, ಒಂಬತ್ತನೇ ತಾರೀಖು, ಹತ್ತು ಗಂಟೆಗೆ ನಾನು, ನಿನ್ನ ಭಾವ ಕೇಂದ್ರದ ಗೇಟಿಗೆ ಬರುತ್ತೇವೆ. ಹುಬ್ಬಳ್ಳಿಯಲ್ಲಿ ಡಾಕ್ಟರಿಗೆ ಹೇಳಿಟ್ಟಾಗಿದೆ. ಮೌನ ಮುರಿಯಬೇಡ, ನನ್ನ ಜೊತೆ ಒಂದು ಮಾತೂ ಆಡಬೇಡ. ಎಡಪಾದ ತೋರಿಸು, ಸಾಕು.